ನೋಟರಿಯ ಮುಂದೆ ಹೂಂ ಅಂದವರು

ಜರ್ಮನಿಯ ಕಲೋನ್‌ನ ಟ್ರಾಮ್ ನಿಲ್ದಾಣದಲ್ಲಿ ಮಂಗಳೂರಿನ ಕನ್ನಡ ಕಿವಿಗೆ ಬಿದ್ದೊಡನೆ ವೃದ್ಧ ರಾಮದಾಸರು ಓದುತ್ತಿದ್ದ ಪುಸ್ತಕವನ್ನು ಮಡಿಚಿದರು. ಪಕ್ಕದಲ್ಲಿ ನಿಂತಿದ್ದ ಯುವಕ ಜೊತೆಗಿದ್ದ ಯುವತಿಗೆ ಹೇಳುತ್ತಿದ್ದ:

"ಜೆಸ್ಸಿ, ಮನೆ ತಗೊಳ್ಳುವುದು ಹೇಗೆ ಅಂತ ನಮ್ಮ ಟಿವಿ ಶೋ ನೋಡಿ ಇಲ್ಲಿ ಮನೆ ತಗೊಂಡ ಸ್ಪೇನಿನ ಗಂಡ-ಹೆಂಡತಿ ಸಿಕ್ಕಿಹಾಕ್ಕೊಂಡಿದ್ದಾರೆ."

"ಎಂತಾಯ್ತು ಸ್ಯಾವಿಯೊ?"

"ಆ ಮನೆಯಲ್ಲಿ ಒಬ್ಬ ಅಜ್ಜಿಗೆ ಸಾಯುವವರೆಗೆ ಇರುವ ಹಕ್ಕುಂಟು. ಸಹಿಗೆ ಮುಂಚೆ ಕ್ರಯಪತ್ರ ಓದಿ ಹೇಳುವಾಗ ನೋಟರಿ ಅದನ್ನೂ ಗಟ್ಟಿಯಾಗಿಯೇ ಓದಿದ್ದಾರೆ, ಜರ್ಮನ್‌ನಲ್ಲಿ. ಇವರಿಗೆ ಅರ್ಥ ಆಗ್ಲಿಲ್ಲ."

"ದುಭಾಷಿ ಇರಲಿಲ್ವಾ?"

"ಜರ್ಮನ್ ಬರ್ತದಾ ಅಂತ ನೋಟರಿ ಕೇಳಿದ್ರೆ ಹೂಂ ಅನ್ನಿ, ಕೆಲಸ ಬೇಗ ಆಗ್ತದೆ ಅಂತ ಶೋದಲ್ಲಿ ಹೇಳಿಕೊಟ್ಟದ್ದು ಯಾರು ಮಾರಾಯ್ತಿ?"

"ನಾನೇ. ದೇವರೇ! ಕೇಸು ಹಾಕ್ತಾರಾ?"

"ಇಲ್ಲ. ನೀನು ದಾರಿ ತೋರಿಸ್ತಿ ಅಂತ ಕೇಕು ಹಿಡ್ಕೊಂಡು ಸ್ಟುಡಿಯೋದಲ್ಲಿ ಕೂತಿದ್ದಾರೆ."

"ಬೈದಿದ್ರೆ ಇಷ್ಟು ಹೆದರಿಕೆ ಆಗ್ತಿರಲಿಲ್ಲ."

ಟ್ರಾಮು ಬಂತು. ಜೆಸ್ಸಿ ಸ್ಯಾವಿಯೊನ ತೋಳನ್ನು ಬಿಗಿಯಾಗಿ ಹಿಡಿದುಕೊಂಡು, ಆಸ್ಪತ್ರೆಯ ಮೆಟ್ಟಿಲೇರುವವಳಂತೆ ಒಳಗೆ ಹತ್ತಿದಳು.