ಬೆರಳಿಗೆ ಸಿಗದ ಚಂದ್ರನ ಗಾಡಿ

ಐವತ್ತು ವರ್ಷಕ್ಕೂ ಹಿಂದೆ ಒಬ್ಬ ತಮ್ಮ ತನ್ನ ಅಕ್ಕನಿಗೆ ಒಂದು ಮಾತು ಕೊಟ್ಟ. ಇವತ್ತು ಅಲ್ಲಿಂದಲೇ ಶುರು ಮಾಡೋಣ.

ತಮ್ಮನಿಗೆ ಆಗ ಹತ್ತು ವರ್ಷ. ಅಕ್ಕನಿಗೆ ಹದಿನಾಲ್ಕು, ಹುಟ್ಟಿನಿಂದಲೇ ಕಣ್ಣಿಲ್ಲ. ರೇಡಿಯೋದಲ್ಲಿ ವಾರ್ತೆ ಬರುತ್ತಿತ್ತು. ಚಂದ್ರನ ಮೇಲೆ ಒಂದು ಗಾಡಿ ಓಡಾಡುತ್ತಿದೆ, ಅದರೊಳಗೆ ಮನುಷ್ಯರೇ ಇಲ್ಲ, ಇಲ್ಲಿಂದಲೇ ನಡೆಸುತ್ತಿದ್ದಾರೆ ಅಂತ. ಅಕ್ಕ ಕೇಳಿದಳು, "ಅದು ಹೆಂಗಿರುತ್ತೋ? ಎತ್ತಿನ ಗಾಡಿ ಥರಾನಾ, ಜಟಕಾ ಥರಾನಾ?"

"ನಂಗೂ ಗೊತ್ತಿಲ್ಲ ಕಣಕ್ಕ. ದೊಡ್ಡೋನಾದ ಮೇಲೆ ನಾನೇ ಒಂದು ಮಾಡಿ ನಿನ್ನ ಕೈಗೆ ಕೊಡ್ತೀನಿ. ನೀನೇ ಮುಟ್ಟಿ ತಿಳ್ಕೋ."

ಅಕ್ಕ ಅಂಗೈ ಚಾಚಿದಳು. ಅವನು ಅದರ ಮೇಲೆ ತನ್ನ ಅಂಗೈ ಇಟ್ಟು ಭಾಷೆ ಕೊಟ್ಟ. ಗಾಡಿ ಯಾತಕ್ಕೆ? ಅಕ್ಕ ಮುಟ್ಟಿ ತಿಳಿಯೋದಕ್ಕೆ. ಬೇರೆ ಯಾತಕ್ಕೂ ಅಲ್ಲ. ನೋಡಿ, ಇಷ್ಟು ಸರಳವಾದ ಮಾತು.

ಆ ತಮ್ಮ ಮುಂದೆ ತನ್ನ ಊರಿಗೇ ದೊಡ್ಡ ಶ್ರೀಮಂತನಾದ. ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸು ಅವನದು. ಸುತ್ತಲ ಮೂರು ತಾಲೂಕಿನಲ್ಲಿ ಯಾರ ಮನೆ ಮದುವೆಯಾದರೂ ಕಾರ್ಡು ಅವನಲ್ಲಿಂದಲೇ ಬರಬೇಕು. ಅಕ್ಕ ಮದುವೆಯಾಗಲಿಲ್ಲ, ಅವನ ಜೊತೆಗೇ ಇದ್ದಳು. ಸುಮ್ಮನೆ ಕೂತು ಉಣ್ಣುವ ಹೆಂಗಸಲ್ಲ. ಬೆತ್ತದ ಕುರ್ಚಿ ಹೆಣೆಯುತ್ತಿದ್ದಳು. ಹರಿದ ಕುರ್ಚಿಯ ಮೇಲೆ ಒಂದು ಸಲ ಕೈಯಾಡಿಸಿ, "ಇದನ್ನ ಹೋದ ಸಲ ಹೆಣೆದೋನು ಎಡಚ" ಅಂತ ಹೇಳಿಬಿಡುವಳು. ಅಂಥ ಬೆರಳು.

ಶ್ರೀಮಂತನಿಗೆ ಕುಡಿತ ಇಲ್ಲ, ಇಸ್ಪೀಟು ಇಲ್ಲ. ಇದ್ದದ್ದು ಒಂದೇ ಹುಚ್ಚು, ಕಾಗದದಲ್ಲಿ ಮಾಡೆಲ್ ಮಾಡೋದು. ಅದಕ್ಕೆ ಜೊತೆ ಇಬ್ಬರು. ಒಬ್ಬರು ರಿಟೈರಾದ ಡ್ರಾಯಿಂಗ್ ಮೇಷ್ಟ್ರು, ಇನ್ನೊಬ್ಬ ಎದುರು ಅಂಗಡಿಯ ಟೈಲರ್. ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಪ್ರೆಸ್ಸಿನ ಮಹಡಿ ಹತ್ತಿದರೆ ಮಧ್ಯಾಹ್ನದವರೆಗೆ ಇಳಿಯುವವರಲ್ಲ. ಹಡಗು ಮಾಡಿದರು, ರೈಲಿನ ಎಂಜಿನ್ ಮಾಡಿದರು, ಗೋಳಗುಮ್ಮಟ ಮಾಡಿದರು. ಟೈಲರ್ ಹೇಳುತ್ತಿದ್ದ, "ಯಜಮಾನ್ರೇ, ಈ ಕೆಲಸದಲ್ಲಿ ಒಂದು ಸುಖ. ಅಳತೆ ಕೊಟ್ಟ ಮೇಲೆ ಗಿರಾಕಿ ದಪ್ಪ ಆಗಲ್ಲ!"

ಹೀಗಿರುವಾಗ ಒಂದು ದಿನ ಟಿವಿಯಲ್ಲಿ ಚಂದ್ರನ ಮೇಲೆ ಗಾಡಿ ಇಳಿಯೋದನ್ನು ತೋರಿಸಿದರು. ಶ್ರೀಮಂತನಿಗೆ ಥಟ್ಟನೆ ಅಕ್ಕನ ಅಂಗೈ ನೆನಪಾಯಿತು. ಭಾಷೆ ಕೊಟ್ಟಿದ್ದನಲ್ಲ! ಗೆಳೆಯರಿಗೆ ಹೇಳಿದ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ಅಕ್ಕನಿಗೋಸ್ಕರ ಮಾಡೋಣ. ಇದುವರೆಗೆ ಮಾಡಿದ್ದೆಲ್ಲ ಆಟ, ಇದು ಸೇವೆ" ಅಂದರು. ಮೂವರ ಮನಸ್ಸೂ ಒಳ್ಳೆಯದೇ, ಅದರಲ್ಲಿ ಅನುಮಾನ ಬೇಡ.

ಹನ್ನೊಂದು ತಿಂಗಳು ಕೂತರು. ಮೇಷ್ಟ್ರು ನಕ್ಷೆ ಬರೆದರು. ಶ್ರೀಮಂತ ತನ್ನ ಪ್ರೆಸ್ಸಿನಲ್ಲೇ ದಪ್ಪ ಕಾರ್ಡಿನ ಮೇಲೆ ಅಚ್ಚು ಹಾಕಿದ. ಟೈಲರ್ ಬ್ಲೇಡಿನಲ್ಲಿ ಕತ್ತರಿಸಿ, ಮಡಿಕೆ ಬರುವಲ್ಲೆಲ್ಲ ಇಂಕು ಮುಗಿದ ಪೆನ್ನಿನಿಂದ ಗೀರಿ, ಮಡಿಸಿ ಅಂಟಿಸಿದ. ಮೈಗೆ ಬಂಗಾರದ ಬಣ್ಣ. ಬಿಸಿಲು ಹೀರುವ ನೀಲಿ ಹಲಗೆ, ಅದರ ಮೇಲೆ ಸಾವಿರ ಚೌಕ. ಚಕ್ರಕ್ಕೆ ಹಲ್ಲು. ಒಂದೊಂದು ಬೋಲ್ಟಿಗೂ ಒಂದೊಂದು ನೆರಳು. ಕಾಗದ ಕತ್ತರಿಸಿದ ಕಡೆ ಬಿಳಿ ಅಂಚು ಇಣುಕುತ್ತದಲ್ಲ, ಅದಕ್ಕೂ ಮೇಷ್ಟ್ರು ಸಣ್ಣ ಕುಂಚದಲ್ಲಿ ಬಣ್ಣ ತುಂಬಿದರು. "ಬಿಳಿ ಅಂಚು ಕಂಡಿತೋ, ಮಾಡೆಲ್ ಸತ್ತಿತು" ಅನ್ನುವರು. ಬೋಲ್ಟುಗಳನ್ನು ನೋಡಿ ಟೈಲರ್ ಕುಣಿದಾಡಿದ. "ಆಹಾ, ಸ್ಪ್ಯಾನರ್ ಹಾಕಿ ತಿರುಗಿಸೋಣ ಅನ್ಸುತ್ತೆ!"

ಅಕ್ಕ ಊಟಕ್ಕೆ ಕೂತಾಗೆಲ್ಲ ಕೇಳುವಳು, "ಎಲ್ಲಿಗೆ ಬಂತೋ ನನ್ನ ಗಾಡಿ?"

"ಚಕ್ರಕ್ಕೆ ಬಂದಿದೆ ಅಕ್ಕ."

"ಹಂಗಾದ್ರೆ ಒಂದು ಚಕ್ರ ತಂದ್ಕೊಡು, ನೋಡೋಣ."

"ಇರು ಅಕ್ಕ. ಪೂರ್ತಿ ಆಗ್ಲಿ. ಅರ್ಧಂಬರ್ಧ ಮುಟ್ಟಿದ್ರೆ ಏನು ಚಂದ?"

ಒಂದು ಚಕ್ರ ಕೇಳಿದಳು, ಬಂಧುಗಳೇ. ಒಂದೇ ಒಂದು ಚಕ್ರ. ಅವತ್ತು ಕೊಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಕೊನೆಗೆ ಗಾಡಿ ಮುಗಿಯಿತು. ನೆಂಟರಿಷ್ಟರೆಲ್ಲ ಸೇರಿದರು. ಧೂಳು ಕೂರಬಾರದು ಅಂತ ಗಾಜಿನ ಪೆಟ್ಟಿಗೆ ಬೇರೆ ಮಾಡಿಸಿದ್ದರು. ಅಕ್ಕ ಹೊಸ ಸೀರೆ ಉಟ್ಟು, ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಳು. ಶ್ರೀಮಂತ ಗಾಜು ಎತ್ತಿದ. ಅಕ್ಕ ಕೈ ಮುಂದೆ ಮಾಡಿದಳು.

"ಹುಷಾರು!" ಮೂವರೂ ಒಟ್ಟಿಗೇ ಕೂಗಿಬಿಟ್ಟರು.

ಮೇಷ್ಟ್ರು ತಡೆಯಲಾರದೆ ಕೇಳಿಯೇಬಿಟ್ಟರು, "ಅಕ್ಕಾ, ಕೈ ತೊಳ್ಕೊಂಡಿದೀರಾ?"

"ತೊಳ್ಕೊಂಡಿದೀನಿ ಮೇಷ್ಟ್ರೇ. ಉಗುರೂ ತೆಗೆದಿದೀನಿ. ಬೇಕಾದ್ರೆ ಕನ್ನಡಕ ಹಾಕ್ಕೊಂಡು ನೋಡಿ."

ಎಲ್ಲರೂ ನಕ್ಕರು. ಅಕ್ಕ ಮೆಲ್ಲಗೆ ಗಾಡಿಯ ನೆತ್ತಿ ಸವರಿದಳು. ಬದಿ ಸವರಿದಳು. ಚಕ್ರ ಸವರಿದಳು. ಇನ್ನೊಂದು ಸುತ್ತು ಬಂದಳು. ಏನನ್ನೋ ಹುಡುಕುತ್ತಿರುವವಳ ಹಾಗೆ ಮತ್ತೆ ಮೊದಲಿಂದ ಶುರು ಮಾಡಿದಳು. ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡು ಕೇಳಿದಳು.

"ಇದೇನಾ?"

"ಇದೇ ಅಕ್ಕ."

"ಮಿಠಾಯಿ ಡಬ್ಬದ ಹಂಗಿದೆಯಲ್ಲೋ. ಕೆಳಗೆ ಆರು ಡಬ್ಬಿ ಅಂಟಿಸಿದ್ದೀಯ."

ತಮಾಷೆ ಅಂದುಕೊಂಡು ಟೈಲರ್ ಮುಂದೆ ಬಂದ. "ಅಲ್ಲ ಅಕ್ಕ, ಇಲ್ಲಿ ನೋಡಿ, ಬೋಲ್ಟಿದೆ" ಅಂತ ಅವಳ ಬೆರಳು ಹಿಡಿದು ಬೋಲ್ಟಿನ ಮೇಲಿಟ್ಟ. ತನ್ನ ಬೆರಳನ್ನೂ ಪಕ್ಕದಲ್ಲಿಟ್ಟ. ಅಲ್ಲಿ ಏನೂ ಇರಲಿಲ್ಲ. ನುಣ್ಣಗೆ ಕಾಗದ. ನೀಲಿ ಹಲಗೆಯ ಚೌಕಗಳ ಮೇಲೆ ಕೈಯಾಡಿಸಿದ. ನುಣ್ಣಗೆ. ಚಕ್ರದ ಹಲ್ಲು? ನುಣ್ಣಗೆ. ತಂತಿ, ತಿರುಪು, ಕ್ಯಾಮೆರಾದ ಕಣ್ಣು, ಎಲ್ಲವೂ ಬರೀ ಇಂಕು. ಅವನ ಕೈ ಅಲ್ಲೇ ನಿಂತುಬಿಟ್ಟಿತು. ಮೇಷ್ಟ್ರ ಮುಖ ಬಿಳಿಚಿಕೊಂಡಿತು. ಶ್ರೀಮಂತ ಗಾಜು ಹಿಡಿದುಕೊಂಡೇ ನಿಂತಿದ್ದ.

ಮೂರು ಜನ, ಬಂಧುಗಳೇ! ಹನ್ನೊಂದು ತಿಂಗಳು! ಕಣ್ಣಿಲ್ಲದವಳಿಗೆ ಬಣ್ಣ ಬಳಿದಿದ್ದರು. ಅವಳಿಗೆಂದೂ ಕಾಣದ ಬಿಳಿ ಅಂಚಿಗೆ ಹೆದರಿ ಭಾನುವಾರ ಭಾನುವಾರ ಕುಂಚ ಹಿಡಿದು ಕೂತಿದ್ದರು. ಒಬ್ಬನಿಗಾದರೂ, ಒಂದು ಭಾನುವಾರವಾದರೂ, ಇದು ಹೊಳೆಯಲಿಲ್ಲವೆ? ಇಲ್ಲ. ಐವತ್ತು ವರ್ಷ ಒಂದೇ ಸೂರಿನಡಿ ಬಾಳಿದ ಒಡಹುಟ್ಟಿದವನಿಗೇ ಹೊಳೆಯಲಿಲ್ಲ. ಯಾಕೆ? ಸೇವೆ ಮಾಡುತ್ತಾ ಮಾಡುತ್ತಾ ಅವರು ಗಾಡಿಯನ್ನು ತಮ್ಮ ಕಣ್ಣಿಗೆ ಮಾಡಿಕೊಂಡಿದ್ದರು. ಹೆಸರು ಅಕ್ಕನದು, ಖುಷಿ ತಮ್ಮದು.

ಶ್ರೀಮಂತ ಅಕ್ಕನ ಕಾಲ ಹತ್ತಿರ ಕುಸಿದು ಕೂತ. ಮಕ್ಕಳ ಹಾಗೆ ಅತ್ತ. "ಬೇರೆ ಮಾಡ್ತೀನಿ ಅಕ್ಕ. ಬಣ್ಣ ಬೇಡ, ಏನೂ ಬೇಡ. ಬೋಲ್ಟಿಗೆ ಸಾಸಿವೆ ಕಾಳು ಅಂಟಿಸ್ತೀನಿ. ತಂತಿ ಇರೋ ಕಡೆ ದಾರ ಎಳೀತೀನಿ. ಮುಂದಿನ ಭಾನುವಾರವೇ ಶುರು."

ಅಕ್ಕ ಅವನ ತಲೆ ಸವರಿದಳು. "ಅಳಬೇಡ್ವೋ. ಒರಟಾಗಿದ್ರೂ ಸೈ. ನನ್ನ ಬೆರಳಿಗೆ ಏನಾದ್ರೂ ಗೊತ್ತಾಗ್ಬೇಕು, ಅಷ್ಟೇ."

ಈಗ ನಿಮ್ಮ ಮುಖ ನೋಡುತ್ತಿದ್ದೇನೆ. ಬೆಚ್ಚಿದ್ದೀರಿ. ಕೆಲವರು ಕಣ್ಣೊರೆಸಿಕೊಳ್ಳುತ್ತಿದ್ದೀರಿ. ಅವನೂ ಬೆಚ್ಚಿದ್ದ. ಅವನೂ ಕಣ್ಣೊರೆಸಿಕೊಂಡಿದ್ದ. ಆಮೇಲೆ ಏನು ಮಾಡಿದ, ಕೇಳಿ.

ಮುಂದಿನ ಭಾನುವಾರ ಯಾರೋ ಬಂದು ಗಾಡಿಯನ್ನು ಜಿಲ್ಲೆಯ ವಸ್ತುಪ್ರದರ್ಶನಕ್ಕೆ ಕೇಳಿದರು. ಒಯ್ದರು. ಮೊದಲ ಬಹುಮಾನ ಬಂತು, ಹಾರ ಬಂತು, ಪೇಪರಿನಲ್ಲಿ ಫೋಟೋ ಬಂತು. ಅದಾದ ಮೇಲೆ ಮದುವೆಯ ಸುಗ್ಗಿ, ಪ್ರೆಸ್ಸಿಗೆ ಉಸಿರಾಡಲು ಬಿಡುವಿಲ್ಲ. ಅದಾದ ಮೇಲೆ ಮೇಷ್ಟ್ರು ಒಂದು ವಿಮಾನದ ನಕ್ಷೆ ತಂದರು. ಮರೆತನೆ? ಮರೆಯಲಿಲ್ಲ! ಅದೇ ದೊಡ್ಡ ಆಶ್ಚರ್ಯ. ಮನೆಗೆ ಬಂದವರಿಗೆಲ್ಲ ಗಾಜಿನ ಪೆಟ್ಟಿಗೆ ತೋರಿಸಿ, "ನೋಡಿ, ನಾನೆಂಥ ಮೂರ್ಖ" ಅಂತ ಈ ಕಥೆಯನ್ನು ತಾನೇ ಹೇಳುತ್ತಿದ್ದ. ಹೇಳಿದಾಗೆಲ್ಲ ಅಳುತ್ತಿದ್ದ. ಅತ್ತು ಹಗುರಾಗುತ್ತಿದ್ದ. ಹಗುರಾದ ಮೇಲೆ ಯಾರು ಕತ್ತರಿ ಹಿಡಿಯುತ್ತಾರೆ?

ನಾವು ಬೇರೆ ಏನು ಮಾಡುತ್ತಿದ್ದೇವೆ? ಮಗು ಡಬ್ಬಿಯ ಊಟವನ್ನು ಹಾಗೇ ವಾಪಸ್ ತರುತ್ತದೆ. "ಬೆಳಗಿನ ಜಾವ ಎದ್ದು ನಿನಗೋಸ್ಕರ ಮಾಡಿದೆ" ಅಂತ ಗದರುತ್ತೇವೆ. ಯಾಕೆ ತಿನ್ನಲಿಲ್ಲ ಅಂತ ಕೇಳಿದ್ದೇವೆಯೆ? ಹಲ್ಲಿಲ್ಲದ ಅತ್ತೆಯ ಮುಂದೆ ಚಕ್ಕುಲಿಯ ತಟ್ಟೆ ಇಡುತ್ತೇವೆ. ಹೆಂಡತಿಯ ಹುಟ್ಟುಹಬ್ಬಕ್ಕೆ ಮಿಕ್ಸಿ ತರುತ್ತೇವೆ, ಅವಳು ಕೇಳಿದ್ದು ಒಂದು ಮಧ್ಯಾಹ್ನದ ನಿದ್ದೆ. ಮೈ ಮುರಿದು ದುಡಿಯುತ್ತೇವೆ, ನಿಜ. ದುಡಿದು ಸುಸ್ತಾಗಿದ್ದೇವೆ, ಅದೂ ನಿಜ. ಆದರೆ ಸುಸ್ತಾದ ಮಾತ್ರಕ್ಕೆ ಅದು ಅವರಿಗೆ ಮುಟ್ಟಿತು ಅಂತಲ್ಲ. ದೇವರಿಗಾದರೂ ಅಷ್ಟೇ. ದೀಪದ ಸಾಲು, ಹೂವಿನ ಮಂಟಪ, ಎಲ್ಲ ನಮ್ಮ ಕಣ್ಣಿಗೆ ಹಬ್ಬ. ಹಸಿದವನ ರೂಪದಲ್ಲಿ ಅವನು ಬಾಗಿಲಿಗೆ ಬಂದರೆ "ಕೈ ತೊಳ್ಕೊಂಡಿದೀಯಾ?" ಅಂತ ಕೇಳುವವರು ನಾವೇ.

ಹಾಗಾಗಿ ಇವತ್ತು ಮನೆಗೆ ಹೋದವರು ಒಂದು ಕೆಲಸ ಮಾಡಿ. ಯಾರಿಗೋಸ್ಕರ ದುಡಿಯುತ್ತಿದ್ದೇವೆ ಅನ್ನುತ್ತೀರೋ ಅವರ ಪಕ್ಕ ಕೂತು ಕೇಳಿ, "ನಾನು ಮಾಡ್ತಿರೋದು ನಿನಗೆ ಮುಟ್ಟುತ್ತಿದೆಯಾ?" ಕೆಲಸ ಅರ್ಧ ಆಗಿರುವಾಗಲೇ ಕೇಳಿ, ಮುಗಿದ ಮೇಲಲ್ಲ. ಅವರು ಒಂದು ಚಕ್ರ ಕೇಳಿದರೆ ಅದೊಂದನ್ನೇ ಕೊಡಿ. ಮುಟ್ಟುತ್ತಿಲ್ಲ ಅಂದರೆ ಕೂತು ಅಳಬೇಡಿ. ಅಳೋದು ಸುಲಭ. ಎದ್ದು ಸಾಸಿವೆ ಡಬ್ಬಿ ತೆಗೆಯಿರಿ. ನಾಳೆ ಅಲ್ಲ. ಭಾನುವಾರ ಅಲ್ಲ. ಮಲಗೋದಕ್ಕೆ ಮುಂಚೆ ಒಂದೇ ಒಂದು ಕಾಳಾದರೂ ಅಂಟಿಸಿ ಮಲಗಿ.

ಅಕ್ಕನಿಗೇನಾಯಿತು ಅಂತ ಕೇಳುತ್ತೀರಿ. ಅದಾಗಿ ಎರಡನೇ ವರ್ಷ ಸಕ್ಕರೆ ಕಾಯಿಲೆ ಏರಿ ಅವಳ ಬೆರಳುಗಳೆಲ್ಲ ಜೋಮು ಹಿಡಿದವು. ಬೆತ್ತ ಹೆಣೆಯುವುದನ್ನು ಬಿಟ್ಟಳು. ಈಗ ಬಿಸಿ ಲೋಟ ಕೈಗಿಟ್ಟರೂ ಅವಳಿಗೆ ತಿಳಿಯುವುದಿಲ್ಲ. ಬೆರಳು ಜೋಮು ಹಿಡಿಯುವ ಹೊತ್ತಿಗೂ ಎರಡನೇ ಗಾಡಿ ಶುರುವೇ ಆಗಿರಲಿಲ್ಲ.

ಅಕ್ಕನಿಗೆ ಕೊಟ್ಟ ಮಾತಿಗೆ ತಮ್ಮ ತಪ್ಪಿದ.