ಹೂಂ ಅನ್ನೋ ಗವಿ

ಬರ್ರಿ, ಸರದು ಕೂಡ್ರಿ. ಎಲಿ ಅಡಿಕಿ ಬಾಯಿಗೆ ಬಿತ್ತೇನು? ಹಂಗಾದ್ರ ಕತಿ ಸುರು ಮಾಡೂಣು. ಆದ್ರ ಒಂದು ಮಾತು. ಕತಿ ಹೇಳಾಕ ಒಬ್ಬಾಕಿ ಸಾಕು, ಹೂಂ ಅನ್ನಾಕ ಒಬ್ರು ಬೇಕ ಬೇಕು. ಹೂಂ ಅನ್ನೋರಿಲ್ಲದ ಕತಿ ಅರ್ಧ ಹಾದ್ಯಾಗ ಕುಂತು ಅಳತೈತಿ ಅಂತಿದ್ಲು ನಮ್ಮವ್ವ. ಯಾರು ಅಂತೀರಿ? ಯಂಕವ್ವ, ನೀನಾ? ಶಾಣ್ಯಾಕಿ. ನಿದ್ದಿ ಹೋದ್ರ ಚಿವುಟತೀನಿ ನೋಡು. ಕಂಬಕ್ಕ ಆನಿಕೊಂಡು ಕುಂತಾಕಿ ಚಂದ್ರವ್ವ, ಆ ಮೊಬೈಲು... ಇರ್ಲಿ ಬಿಡವ್ವ, ಇಡಬ್ಯಾಡ. ಕೈಯಾಗ ಹಿಡಕೊಂಡ ಕೇಳು.

ಹೆಸರು ಮರತು ಹೋದ ಒಂದು ಸೀಮಿ. ಆ ಸೀಮ್ಯಾಗ ಗುಡ್ಡದ ಬುಡಕ್ಕ ಒಂದು ಊರು. ಊರಾಗ ಮಾಳಿಂಗ ಅನ್ನೋ ಕುರುಬ, ಅವನ ಹೆಂಡ್ತಿ ಕೆಂಚವ್ವ. ಅವ ಕುರಿ ಕಾಯಾಂವ, ಆಕಿ ಉಣ್ಣೆ ನೂಲಾಕಿ. ಮನ್ಯಾಗ ಮಾಳಿಂಗನ ಅವ್ವ ಇದ್ಲು, ಕಂಬಳಿ ನೇಯೋ ಅಣ್ಣ ಗೋಣೆಪ್ಪ ಇದ್ದ.

ಸುಗ್ಗಿ ಮುಗದ್ರ ಮಾಳಿಂಗ ಕುರಿ ಹೊಡಕೊಂಡು ದೂರದ ಸೀಮಿಗೆ ಹೋಗಾಂವ, ಮಳಿ ಹಿಡದ್ರ ಬರಾಂವ. ಜೋಡಿಗೆ ಕೆಂದ್ಯಾ ಅನ್ನೋ ನಾಯಿ. ಇವ ಮಾತಾಡಾಂವ, ಅದು ಕಿವಿ ನೆಟ್ಟಗ ಮಾಡಿ ಕೇಳೋದು. ಅಡವ್ಯಾಗ ಮನಶಾಗ ಇನ್ಯಾರಿರತಾರ, ಹೇಳ್ರಿ?

ಒಂದು ವರ್ಷ ಮಾಳಿಂಗ ಬಂದ, ಕುರಿ ಬಂದ್ವು, ಕೆಂದ್ಯಾ ಬರಲಿಲ್ಲ.

ಮಾಳಿಂಗ ಅವ್ವನ ಹಂತ್ಯಾಕ ಹೋದ. "ಯವ್ವಾ, ಹೊಳಿ ದಾಟೂ ಮುಂದ..." ಅಂದ. "ಕುರಿ ಎಲ್ಲಾ ಬಂದಾವಿಲ್ಲೋ? ಮತ್ಯಾಕ ಮಾರಿ ಸಣ್ಣ ಮಾಡಿ?" ಅಂದ್ಲು ಅವ್ವ, ಜ್ವಾಳ ಬೀಸೋದು ಬಿಡಲಿಲ್ಲ.

ಅಣ್ಣನ ಹಂತ್ಯಾಕ ಹೋದ. "ಯಣ್ಣಾ, ಹೊಳಿ ದಾಟೂ ಮುಂದ..." ಅಂದ. "ನಾಯಿ ಹೋದ್ರ ಇನ್ನೊಂದು ನಾಯಿ ತಮ್ಮಾ" ಅಂದ ಗೋಣೆಪ್ಪ, ನೇಯೋದು ಬಿಡಲಿಲ್ಲ.

ಹೆಂಡ್ತಿ ಹಂತ್ಯಾಕ ಹೋದ. "ಕೆಂಚೀ, ಹೊಳಿ ದಾಟೂ ಮುಂದ..." ಅಂದ. "ಈಗ ಬ್ಯಾಡ್ರೀ, ಎಳಿ ಹರೀತೈತಿ" ಅಂದ್ಲು ಕೆಂಚವ್ವ. ಆಕಿ ಕೆಟ್ಟಾಕಿ ಅಲ್ರೀ. ಕೈಯಾಗ ಕೆಲಸಿತ್ತು. ನಮ್ಮ ಕೈಯಾಗೂ ಇರತೈತಲ್ಲ, ಹಂಗ.

ಮರುದಿನ ಮಾಳಿಂಗ ಗುಡ್ಡದಾಗ ಕುರಿ ಬಿಟ್ಟು ಒಂದು ಗವಿ ಮುಂದ ಕುಂತ. ಗವಿ ಬಾಯಿ ಸಣ್ಣದು, ಒಳಗ ಆಳ. ತನ್ನಷ್ಟಕ್ಕ ತಾನ "ಹೊಳಿ ದಾಟೂ ಮುಂದ..." ಅಂದ.

ಗವಿ "ಹೂಂ" ಅಂತು!

ಗಾಳಿಯೋ, ದೆವ್ವೋ, ಶಿವನೋ, ನನ್ನ ಕೇಳಬ್ಯಾಡ್ರಿ. ಹೂಂ ಅಂತು, ಅಷ್ಟ. ಮಾಳಿಂಗ ಬೆಚ್ಚಿಬಿದ್ದ. "ನೀರು ಕೆಂಪಗಿತ್ತು" ಅಂದ. "ಹೂಂ." "ಭಾಳ ಸೆಳವಿತ್ತು" ಅಂದ. "ಹೂಂ." ಅವನ ಎದಿ ಹಗುರಾತು. ಗವಿಗೆ ತಲಿ ಹಚ್ಚಿ ಮನಸಾರೆ ಅತ್ತ.

ಇಷ್ಟಕ್ಕ ಮುಗದಿದ್ರ ನಾ ಯಾಕ ಕತಿ ಹೇಳ್ತಿದ್ದೆ? ಕೇಳ್ರಿ ಮುಂದ.

ಮೊದಲು ದುಃಖ ಹೇಳಾಕ ಹೋದ. ಆಮ್ಯಾಲ ಸುಖ ಹೇಳಾಕ ಹೋದ. ಆಮ್ಯಾಲ ಹೇಳಾಕ ಏನೂ ಇಲ್ಲದಿದ್ರೂ ಹೋದ, ಬರೇ ಹೂಂ ಕೇಳಾಕ. "ನನ್ನಂಥ ಶೂರ ಇಲ್ಲ" ಅಂದ್ರೂ ಹೂಂ. "ನಾ ಯಾರಿಗೂ ಬ್ಯಾಡಾದಾಂವ" ಅಂದ್ರೂ ಹೂಂ. ಬುತ್ತ್ಯಾಗಿನ ರೊಟ್ಟಿ ಅಲ್ಲೇ ಒಣಗಿ ಹೋಗೂವು. ಕುರಿ ತಮ್ಮ ಹಾದಿ ತಾವ ಹಿಡಿಯೂವು. ಹೂಂ ಕೇಳದ ದಿನ ಯಾರು ಮಾತಾಡ್ಸಿದ್ರೂ ಮ್ಯಾಲ ಬೀಳಾಂವ. "ಇವತ್ತೊಂದಿನ, ನಾಳಿಂದ ಹೋಗಾಂಗಿಲ್ಲ" ಅಂತ ದಿನಾ ಆಣಿ. ಸುಳ್ಳು ಆಣಿ ಅಂತೀರೇನು? ಅಲ್ಲವ್ವ. ಆಣಿ ಮಾಡೂ ಮುಂದ ಖರೇನ ಇರ್ತಿತ್ತು. ಬೆಳಗಾದ್ರ ಕಾಲು ಅವನ ಮಾತು ಕೇಳ್ತಿರಲಿಲ್ಲ.

ಒಂದಿನ ಗವಿ ಮುಂದ ಕುಂತಾಗ ತೋಳ ಬಂದು ಗಬ್ಬದ ಕುರಿ ಒಯ್ತು. ಆವಾಗ ಮನಿ ಎಚ್ಚರಾತು.

ಗೋಣೆಪ್ಪ ಗುಡ್ಡ ಏರಿ ಗವಿ ಬಾಯಿಗೆ ಗುಂಡುಕಲ್ಲು ಉರುಳಿಸಿದ. "ಈಗ ಬಿಡತಾನ" ಅಂದ. ಬಿಟ್ನೇನು? ಮಾಳಿಂಗ ಊರ ಹಾಳು ಬಾವಿಗೆ ಬಗ್ಗಿ ಕುಂತ. ಅದೂ ಹೂಂ ಅಂತು. ಹುತ್ತ ಬಡದ್ರ ಹಾವು ಸತ್ತೀತೇನ್ರಿ?

ಅವ್ವ ಪೂಜಾರಿನ್ನ ಕರಸಿದ್ಲು. ಪೂಜಾರಿ ಹಣಿಗೆ ಅರಿಷಿಣದ ಭಂಡಾರ ಬಡದು "ಇನ್ನ ಬಾವಿಗೆ ಹೋದ್ರ ದೇವರ ಮ್ಯಾಲಾಣಿ" ಅಂದ. ಬಿಟ್ನೇನು? ಬಾವಿಗೆ ಹೋಗಲಿಲ್ಲ ಖರೆ. ಮನ್ಯಾಗಿನ ಬರಿಗಡಗಿ ತಲಿಗೆ ಹಾಕ್ಕೊಂಡು ಕುಂತ. ಗಡಗಿನೂ ಹೂಂ ಅಂತು.

ಕೆಂಚವ್ವ ಏನ್ ಮಾಡಿದ್ಲು? ಇದ್ದಬದ್ದ ಗಡಗಿ ಎಲ್ಲಾ ಅಂಗಳಕ್ಕ ಒಗದು ಒಡದ್ಲು. "ನಾ ಬೇಕೋ, ಗಡಗಿ ಬೇಕೋ?" ಅಂತ ಎದಿ ಎದಿ ಬಡಕೊಂಡ್ಲು. "ನೀನ ಬೇಕ, ಕೆಂಚೀ" ಅಂತ ಮಾಳಿಂಗನೂ ಅತ್ತ. ಸಂಜಿ ಅನ್ನೋದ್ರಾಗ ಒಡದ ಚೂರು ಆರಿಸಿ ಕಿವಿಗೆ ಹಿಡಕೊಂಡು ಕುಂತಿದ್ದ, ಪಾಪ. ಅದನ್ನ ನೋಡಿ ಕೆಂಚವ್ವಗ ಸಿಟ್ಟೂ ಬರಲಿಲ್ಲ. ಹೆದರಿಕಿ ಬಂತು.

ಹೆದರಿಕಿ ಖರೆ ಆತು. ಹಗೇವು ತಗಿಯೋ ದಿನ ಬಂತು. ಹಗೇವು ಗೊತ್ತಲ್ಲ? ನೆಲದಾಗ ತೋಡಿ ಜ್ವಾಳ ತುಂಬಿ ಬಾಯಿ ಮುಚ್ಚತಿದ್ರಲ್ಲ, ಆ ತಗ್ಗು. ವರ್ಷಗಟ್ಟಲೆ ಮುಚ್ಚಿದ್ದು, ಒಳಗಿನ ಗಾಳಿ ವಿಷ. ಬಾಯಿ ತಗದು ಬಿಡಬೇಕು. ದೀಪ ಇಳಿಬಿಡಬೇಕು. ದೀಪ ಉರದ್ರ ಮನಶಾ ಇಳೀಬೇಕು, ಆರಿದ್ರ ಸುಮ್ನ ಕಾಯಬೇಕು. ಮಾಳಿಂಗಗ ಇದು ಗೊತ್ತಿರಲಿಲ್ಲೇನು? ಚೊಲೋ ಗೊತ್ತಿತ್ತು. ಗೋಣೆಪ್ಪ ಕಲ್ಲು ಸರಿಸಿ ದೀಪ ತರಾಕ ಒಳಗ ಹೋದ. ಮಾಳಿಂಗಗ ಕಂಡದ್ದು ಒಂದ. ಇಷ್ಟು ದೊಡ್ಡ ಕರೀ ಬಾಯಿ! ಇದರ ಹೂಂ ಎಷ್ಟು ದೊಡ್ಡದಿರಬೇಕು!

ಕೆಂಚವ್ವ ಕೊಡ ಹೊತ್ತು ಬಂದ್ಲು. ಹಗೇವಿನ ಬಾಯ್ಯಾಗ ಗಂಡನ ತಲಿ ಇಲ್ಲ, ಹೆಗಲಿಲ್ಲ, ಬರೇ ಕಾಲು ಕಂಡ್ವು. ಆ ಕಾಲೂ ಸರೀಲಿಕ್ಕತ್ತಿದ್ವು.

"ಅಯ್ಯೋ ನಮ್ಮಪ್ಪಾ!" ಅಂತ ಕೊಡ ಒಗದು ಆ ಎರಡೂ ಕಾಲು ತೆಕ್ಕಿಗೆ ಹಾಕ್ಕೊಂಡು ಬಿದ್ಲು. ಚೀರಿದ್ಲು. ಗೋಣೆಪ್ಪ ಓಡಿಬಂದ. ಇಬ್ಬರೂ ಕೂಡಿ ಎಳದ್ರು. ಮಾಳಿಂಗನ ಮಾರಿ ನೀಲಿ ಆಗಿತ್ತು. ಅವ್ವ ಬಂದು ಹೊಯ್ಕೊಂಡ್ಲು. ಕೆಂಚವ್ವ ಸೆರಗಿಂದ ಗಾಳಿ ಹಾಕಿದ್ಲು, ಹಾಕಿದ್ಲು, ಹಾಕ್ತಾನ ಇದ್ಲು. ಕಡೀಕ ಅವ ಕಣ್ಣು ಬಿಟ್ಟ. ಬಿಟ್ಟು ಕೇಳಿದ್ದೇನು ಗೊತ್ತೇನು?

"ಹೂಂ ಅಂತೇನು?"

ಗೋಣೆಪ್ಪ ಕೈ ಎತ್ತಿದ. "ಸಾಯಾಕ ಬಿಡಬೇಕಾಗಿತ್ತು ಇವನ್ನ! ದಂಡಂ ದಶಗುಣಂ ಅಂತ ಹಿರ್ಯಾರು ಸುಮ್ನ ಹೇಳ್ಯಾರೇನು?"

"ಬಾವಾ, ಕೈ ಇಳಿಸ್ರಿ" ಅಂದ್ಲು ಕೆಂಚವ್ವ. "ಕಲ್ಲಿಟ್ರಿ, ಆಣಿ ಇಟ್ರಿ, ನಾ ಗಡಗಿ ಒಡದ್ನಿ. ಅಲ್ಲಿಗ್ಯಾಕ ಹೋಗ್ತಿ ಅಂತ ಊರೆಲ್ಲ ಬೈತು. ಅಲ್ಲಿ ಹೋಗಿ ಏನ್ ಹೇಳ್ತಿ ಅಂತ ಯಾರರ ಕೇಳಿದ್ರೇನು? ನಾನರ ಕೇಳಿದ್ನೇನು?"

ಗಂಡನ ತಲಿ ತೊಡಿ ಮ್ಯಾಲ ಇಟ್ಕೊಂಡ್ಲು. "ರೀ, ಹೊಳಿ ದಾಟೂ ಮುಂದ ಏನಾತು?"

  ಮಾಳಿಂಗ ಆಕಿ ಸೆರಗು ಹಿಡಕೊಂಡು ಅಂದ, "ನೀರು ಕೆಂಪಗಿತ್ತು."

"ಹೂಂ."

"ಒಂದು ಮರಿ ಕೊಚ್ಚಿ ಹೋತು. ನಾನ 'ಹಿಡಿ' ಅಂದ್ನಿ. ಕೆಂದ್ಯಾ ಹಾರಿದ."

"ಹೂಂ. ಮುಂದ?"

ಮಾಳಿಂಗ ಹೆಂಡ್ತಿ ಮಾರಿ ನೋಡಿದ. ಗವಿ ಎಂದೂ ಮುಂದ ಅಂದಿರಲಿಲ್ಲ. ಬಾವಿ ಅಂದಿರಲಿಲ್ಲ. ಗಡಗಿ ಅಂದಿರಲಿಲ್ಲ. ಮುಂದಿನ ಮಾತು ಅವನೂ ಎಂದೂ ಹೇಳಿರಲಿಲ್ಲ.

"ಮರಿ ದಂಡಿಗೆ ಬಂತು. ಅವ ಬರಲಿಲ್ಲ. ತಿರುಗಿ ತಿರುಗಿ ನನ್ನ ನೋಡ್ಕೋತ ಹೋದ, ಕೆಂಚೀ. ನಾನ ಕಳಿಸಿದ್ನಿ ಅವನ್ನ."

ಕೆಂಚವ್ವಗ ಹೂಂ ಅನ್ನಾಕೂ ಆಗಲಿಲ್ಲ. ಅವನ ತಲಿ ಅವಚಿಕೊಂಡು ಅತ್ಲು. ಅಂದು ಬೀಸೋದು ಬಿಡದಿದ್ದ ಅವ್ವ ಈಗ ಅಲ್ಲೇ ಕುಂತ್ಲು. ಎತ್ತಿದ ಕೈ ಇಳಿಸಿ ಗೋಣೆಪ್ಪನೂ ಕುಂತ.

ಅವತ್ತ ಬಿಟ್ನಾ ಅಂತೀರಿ? ಎಲ್ಲೀದು! ಹಂಗ ಬಿಡೂ ಹಂಗಿದ್ರ ಲೋಕದಾಗ ಯಾವ ಮನ್ಯಾಗೂ ಕಣ್ಣೀರ ಇರ್ತಿರಲಿಲ್ಲ. ಮತ್ತ ಗುಡ್ಡಕ್ಕ ಹೋಗಿ ಗವಿ ಬಾಯಿನ ಗುಂಡುಕಲ್ಲು ಸರಿಸಿ ಕುಂತ. ಬಿದ್ದ, ಎದ್ದ, ಮತ್ತ ಬಿದ್ದ. ಕೆಂಚವ್ವ ಉಣ್ಣೆ ನೂಲೋ ಕದರು ಹಿಡಕೊಂಡು ಹಿಂದಿಂದ ಹೋಗಾಕಿ, ಮಗ್ಗಲಕ್ಕ ಕೂಡಾಕಿ, "ಇವತ್ತೇನ್ರಿ?" ಅನ್ನಾಕಿ. ಒಂದೊಂದಿನ ಆಕಿಗೂ ಸಾಕಾಗೂದು. ಅವತ್ತು ಗೋಣೆಪ್ಪ ಹೋಗಿ ಕೂಡಾಂವ. ಗವಿ ಇದ್ದಲ್ಲೇ ಇತ್ತು, ಈಗೂ ಐತಂತ. ಬರಬರತ ಮಾಳಿಂಗ ಅದರ ಮುಂದ ಕೂಡದ ದಿನಕ್ಕೆರಡು ಸಲ ಕುರಿ ಹೊಡಕೊಂಡು ಹಾಯತಿದ್ದ. ಒಂದೊಂದು ಸಲ ಕಾಲು ನಿಂದರೂವು. ಸಂಜಿಗೆ ಮನಿಗೆ ಬಂದು "ಇವತ್ತ ಕಾಲು ನಿಂತಿದ್ವು, ಕೆಂಚೀ" ಅಂತ ಹೇಳಾಂವ. ಆಕಿ ಎಳಿ ಹರದ್ರೂ ಹರೀಲಿ ಅಂತ ಕದರು ಕೆಳಗಿಟ್ಟು ಕೇಳಾಕಿ.

ಅಲ್ಲಿಗೆ ಅವರ ಕತಿ ಅವರ ಮನಿಗೆ ಹೋತು, ನನ್ನ ಎಲಿ ಚೀಲ ನನ್ನ ಕೈಗೆ ಬಂತು. ಯಂಕವ್ವ ನೋಡ್ರಿ, ಯಾವಾಗೋ ಮಲಗ್ಯಾಳ. ಹಂಗಾದ್ರ ಇಷ್ಟೊತ್ತೂ ಹೂಂ ಅಂದಾಕಿ ಯಾರು? ಚಂದ್ರವ್ವ, ನೀನೇನು? ಬಾರವ್ವ ಈ ಕಡೆ. ದಿನಾ ಬೆಳ್ಳಬೆಳತಾನ ಆ ಮೊಬೈಲಿನ್ಯಾಗ ಮಾರಿ ಇಟ್ಕೊಂಡು ಕುಂತಿರತಿಯಂತ, ನಿಮ್ಮತ್ತಿ ಬೈತಾಳ. ನಾ ಬೈಯಾಂಗಿಲ್ಲ. ಅದರ ಮುಂದ ಏನ್ ಹೇಳ್ತಿ, ನನ್ನ ಮುಂದ ಹೇಳು. ಇಷ್ಟೊತ್ತು ನೀ ಅಂದಿ. ಇನ್ನ ಹೂಂ ಅನ್ನೋ ಪಾಳಿ ನಂದು.