ಯಾರ ಫೋನು ಎಷ್ಟು ತಿಂತು

ಕೈರೋದ ರೂಟರ್ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಅಕ್ಕತಂಗಿಯರಿಬ್ಬರು ನಿಂತಿದ್ದರು.

“ಅಗ್ಗದ್ದೇ ತಗೊಳ್ಳೇ, ನಶ್ವಾ.”

“ಬೇಡಕ್ಕ. ಯಾರ ಫೋನು ಎಷ್ಟು ನೆಟ್ ತಿಂತು ಅಂತ ತೋರ್ಸೋದೇ ಬೇಕು. ಇಪ್ಪತ್ತನೇ ತಾರೀಕಿಗೇ ತಿಂಗಳ ಪ್ಯಾಕ್ ಖಾಲಿ. ಶುಕ್ರವಾರ ಎಲ್ಲರೂ ಊಟಕ್ಕೆ ಕೂತಾಗ ಅತ್ತೆ, ‘ಇವಳ ಸೀರಿಯಲ್ಲೇ ನುಂಗಿದ್ದು’ ಅಂದ್ರು!”

“ಮಹಡಿ ಮೇಲಿಂದ ಅವರೂ ನಿಮ್ಮ ನೆಟ್ಟನ್ನೇ ಬಳಸ್ತಾರಲ್ವಾ?”

“ಅವರು, ನಾದಿನಿ, ನಾದಿನಿ ಗಂಡ! ಬೈಗುಳ ಮಾತ್ರ ನಂಗೆ.”

“ಪಾಸ್‌ವರ್ಡ್ ಬದಲಾಯಿಸಿಬಿಡು.”

“ಆಮೇಲೆ ಮೆಟ್ಟಿಲಲ್ಲಿ ಮುಖ ಹೇಗೆ ತೋರಿಸ್ಲಿ? ನಂಗೆ ಸಾಕ್ಷಿ ಬೇಕು, ಅಷ್ಟೇ.”

“ನಿನ್ನ ಗಂಡನ ಫೋನೇ ಎಲ್ಲಕ್ಕಿಂತ ಜಾಸ್ತಿ ತಿಂದಿದ್ರೆ?”

ನಶ್ವಾ ಕೌಂಟರಿನತ್ತ ಒಂದು ಹೆಜ್ಜೆ ಮುಂದೆ ಸರಿದಳು.

“ಅತ್ತೆ ಬೈತಿದ್ದಾಗ ಅವನು ತಲೆನೇ ಎತ್ತಲಿಲ್ಲ, ಅಕ್ಕ. ಫೋನೇ ನೋಡ್ತಿದ್ದ.”

ದುಡ್ಡು ಕೊಟ್ಟು, ದುಬಾರಿ ರೂಟರಿನ ಡಬ್ಬವನ್ನೇ ಕಂಕುಳಲ್ಲಿ ಅವುಚಿಕೊಂಡು ಹೊರಟಳು.